ಮೇ 22: ಮಂಗಳೂರು ಮರೆಯಬಾರದ ಬೆಳಗು



ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡು ವರ್ಷ ತುಂಬಿದಾಗ ಏನು ಮಾಡುತ್ತಾರೆಂಬುದನ್ನು ನೀವು ನೋಡಿರುತ್ತೀರಿ. ಕೆಲವರ ಮನೆಯಲ್ಲಿ ವರ್ಷಾಂತಿಕ ನಡೆಯುತ್ತದೆ. ಕೆಲವರು ಇಗರ್ಜಿಯಲ್ಲಿ ಪೂಜೆ ಕೊಡಿಸುತ್ತಾರೆ. ಕೆಲವರ ಮನೆಯಲ್ಲಿ ಬಂಧುಗಳು ಸೇರಿ ದುಆ ಮಾಡುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳು ಬಂತೆಂದರೆ ಅಗಲಿದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಪದ್ಧತಿ ಇದೆ. ಹೆಸರು ಬೇರೆ, ಕ್ರಮ ಬೇರೆ, ಉದ್ದೇಶ ಒಂದೇ. ಹೋದವರನ್ನು ನಾವು ಮರೆತಿಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳುವುದು.

ಒಂದು ಸಾವಿಗೆ ಒಂದು ಮನೆ ನೆನಪಿಟ್ಟುಕೊಂಡರೆ ಸಾಕು. ಆದರೆ ಒಂದೇ ಕ್ಷಣದಲ್ಲಿ ನೂರಾರು ಮನೆಗಳ ದೀಪ ಆರಿಹೋದರೆ? ಆಗ ನೆನಪಿಟ್ಟುಕೊಳ್ಳುವ ಹೊಣೆ ಇಡೀ ಊರಿನದು, ಇಡೀ ದೇಶದ್ದು. ಅಂಥ ನೆನಪನ್ನು ಹೇಗೆ ಇಟ್ಟುಕೊಳ್ಳಬೇಕು? ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸಿದರೆ ಆಯಿತೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮಂಗಳೂರಿನದೇ ಒಂದು ಘಟನೆಯನ್ನು ತೆಗೆದುಕೊಳ್ಳೋಣ. ಪರದೆಯ ಮೇಲಿನ ಮಾತುಕತೆಯಲ್ಲಿ ಬಿಡಿಸಿ ಹೇಳಲು ಸಮಯ ಸಾಲದ ಸಂಗತಿಗಳನ್ನು ಇಲ್ಲಿ ನಿಧಾನವಾಗಿ ಓದಬಹುದು.

2010ರ ಮೇ 22, ಶನಿವಾರ. ಅಂದು ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವೊಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಬದುಕಿ ಉಳಿದವರು ಎಂಟೇ ಮಂದಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಆಗಿನ್ನೂ ಹುಟ್ಟಿರಲಿಲ್ಲ, ಇಲ್ಲವೇ ತೀರಾ ಚಿಕ್ಕವರಿದ್ದಿರಿ. ಆದ್ದರಿಂದಲೇ ಈ ಕಥೆಯನ್ನು ನಿಮಗೆ ಹೇಳಬೇಕಾಗಿದೆ.

ಪದವಿನ ಮೇಲಿನ ನಿಲ್ದಾಣ

ಮೊದಲು ಸ್ಥಳವನ್ನು ತಿಳಿದುಕೊಳ್ಳೋಣ. ಮಂಗಳೂರಿನ ಸುತ್ತಮುತ್ತ ಮುರಕಲ್ಲಿನ ಗುಡ್ಡಗಳಿವೆ. ಅವುಗಳ ನೆತ್ತಿ ಸಮತಟ್ಟಾಗಿರುತ್ತದೆ. ಇಂಥ ಜಾಗಕ್ಕೆ ಇಲ್ಲಿಯವರು ‘ಪದವು’ ಎನ್ನುತ್ತಾರೆ. ಪದವಿನ ಮೇಲೆ ನಿಂತರೆ ನೆಲ ಬಯಲಿನಂತೆಯೇ ಕಾಣುತ್ತದೆ. ಅಂಚಿಗೆ ಬಂದರೆ ಮಾತ್ರ ಕೆಳಗೆ ಕಣಿವೆ, ತೋಟ, ಗದ್ದೆ. ಬಜ್ಪೆ ಮತ್ತು ಕೆಂಜಾರಿನ ಬಳಿಯ ಇಂಥದೇ ಎತ್ತರದ ಮೇಲೆ ಮಂಗಳೂರಿನ ವಿಮಾನ ನಿಲ್ದಾಣ ಇದೆ. ಅದು 1951ರಲ್ಲಿ ಆರಂಭವಾಯಿತು. ಮೇಜಿನ ಮೇಲ್ಮೈಯಂತೆ ಎಲ್ಲ ಕಡೆಯೂ ಅಂಚು ಕೆಳಗಿಳಿದಿರುವುದರಿಂದ ಇಂಥ ರನ್‌ವೇಗೆ ‘ಟೇಬಲ್ ಟಾಪ್ ರನ್‌ವೇ’ ಎಂಬ ಹೆಸರು.

ಹಳೆಯ ರನ್‌ವೇ ಸುಮಾರು 1,600 ಮೀಟರ್ ಉದ್ದದ್ದು. ದೊಡ್ಡ ವಿಮಾನಗಳಿಗೆ ಅದು ಸಾಲದು. 2006ರಲ್ಲಿ 2,450 ಮೀಟರ್, ಅಂದರೆ 8,033 ಅಡಿ ಉದ್ದದ ಹೊಸ ರನ್‌ವೇ ಸಿದ್ಧವಾಯಿತು. ಅದೇ ವರ್ಷ ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನವೂ ಬಂತು. ಅದಕ್ಕೂ ಮೊದಲು ಇಲ್ಲಿಯ ಜನ ದುಬೈಗೋ ಅಬುಧಾಬಿಗೋ ಹೋಗಬೇಕಾದರೆ ಮುಂಬಯಿಯಂಥ ದೂರದ ಊರಿಗೆ ಹೋಗಿ ವಿಮಾನ ಹತ್ತಬೇಕಿತ್ತು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಕೊಲ್ಲಿಯ ದುಡಿಮೆಯಿಂದ ನಡೆಯುವ ಸಂಸಾರಗಳು ಎಷ್ಟಿವೆಯೆಂಬುದು ನಿಮಗೆ ಗೊತ್ತೇ ಇದೆ. ಆ ಸಂಸಾರಗಳಿಗೆ ಈ ವಿಮಾನ ಊರಿನ ಬಸ್ಸಿನಷ್ಟೇ ಹತ್ತಿರದ್ದು.

ಆ ಬೆಳಗ್ಗೆ

ಆ ವಿಮಾನ ಬೋಯಿಂಗ್ 737-800 ಮಾದರಿಯದು. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಅದೇ ಸಿಬ್ಬಂದಿಯೊಂದಿಗೆ ನಡುರಾತ್ರಿ ದಾಟಿದ ಮೇಲೆ ಹಿಂದಿರುಗಿ ಹೊರಟಿತ್ತು. ಪ್ರಯಾಣಿಕರು 160 ಮಂದಿ. ಅವರಲ್ಲಿ 19 ಮಕ್ಕಳು ಮತ್ತು 4 ಹಸುಗೂಸುಗಳು. ಇಬ್ಬರು ಪೈಲಟ್‌ಗಳು, ನಾಲ್ವರು ವಿಮಾನ ಪರಿಚಾರಕರು. ಮೇ ತಿಂಗಳು ಶಾಲೆಗೆ ರಜೆಯ ಕಾಲ, ಮದುವೆಗಳ ಕಾಲ. ಕೆಲವರು ರಜೆಗೆ ಬರುತ್ತಿದ್ದರು, ಕೆಲವರು ಮದುವೆಗೆ, ಕೆಲವರು ಸಾವಿನ ಮನೆಗೆ. ನಿಲ್ದಾಣದ ಹೊರಗೆ ಅವರ ಮನೆಯವರು ಕಾದು ನಿಂತಿದ್ದರು.

ಅಂದು ಮಳೆ ಇರಲಿಲ್ಲ. ರನ್‌ವೇ ಒಣಗಿತ್ತು. ಗಾಳಿ ಶಾಂತವಾಗಿತ್ತು. ಸುಮಾರು 6 ಕಿ.ಮೀ. ದೂರದವರೆಗೆ ಕಾಣುತ್ತಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕರಾವಳಿಯಲ್ಲಿ ಮೇ ಕೊನೆಯೆಂದರೆ ಮಳೆಯೇ ಇರಬೇಕೆಂದು ಭಾವಿಸಿ, ದುರಂತಕ್ಕೆ ಹವಾಮಾನವೇ ಕಾರಣ ಎಂದು ಈಗಲೂ ಹೇಳುವವರಿದ್ದಾರೆ. ತನಿಖೆಯಲ್ಲಿ ಹಾಗೆ ಕಂಡುಬರಲಿಲ್ಲ.

ಬೆಳಿಗ್ಗೆ ಸುಮಾರು 6 ಗಂಟೆ 5 ನಿಮಿಷಕ್ಕೆ ವಿಮಾನ ನೆಲ ಮುಟ್ಟಿತು. ಆದರೆ ಮುಟ್ಟಬೇಕಾದ ಜಾಗದಲ್ಲಿ ಅಲ್ಲ. ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲಕ್ಕೆ ತಾಗಿದವು. ಅಂದರೆ ರನ್‌ವೇಯ ಸುಮಾರು ಮೂರನೇ ಎರಡು ಭಾಗ ಆಗಲೇ ಹಿಂದೆ ಸರಿದಿತ್ತು. ಉಳಿದದ್ದು ಸುಮಾರು 2,800 ಅಡಿ. ವಿಮಾನ ಆ ಅಂಚನ್ನೂ ದಾಟಿ ಮುಂದಕ್ಕೆ ಹೋಯಿತು. ಅದರ ಬಲ ರೆಕ್ಕೆ ಅಲ್ಲಿದ್ದ ಆಂಟೆನಾದ ಕಟ್ಟಡಕ್ಕೆ ಬಡಿಯಿತು. ವಿಮಾನ ಬೇಲಿಯನ್ನು ಮುರಿದು ಕಣಿವೆಗೆ ಉರುಳಿತು. ಇಂಧನಕ್ಕೆ ಬೆಂಕಿ ಹತ್ತಿತು. ವಿಮಾನದ ಒಡಲು ಮುರಿದು ಬಿರುಕು ಬಿಟ್ಟ ಕಡೆಯಿಂದ ಹೊರಗೆ ಬಂದವರು ಮಾತ್ರ ಬದುಕಿದರು. ಸದ್ದು ಕೇಳಿ ಮೊದಲು ಓಡಿಬಂದವರು ಕೆಂಜಾರಿನ ಆಸುಪಾಸಿನ ಹಳ್ಳಿಯ ಜನ. ಇಳಿಜಾರಿನ ಕಾಡು, ಕಿರಿದಾದ ದಾರಿ, ಮುಂದೆ ಬೆಂಕಿ. ಅಂಥ ಕಡೆ ಕೈಗೆ ಸಿಕ್ಕವರನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದ ಆ ಜನರನ್ನೂ ಈ ದಿನ ನೆನೆಯಬೇಕು.

ಒಂದಿಷ್ಟು ಲೆಕ್ಕ

ಇಷ್ಟು ದೊಡ್ಡ ರನ್‌ವೇ ಇದ್ದೂ ವಿಮಾನ ಅಷ್ಟು ಮುಂದೆ ಹೋಗಿ ಇಳಿದದ್ದು ಏಕೆ? ನಿಮ್ಮ ಗಣಿತ ಮತ್ತು ಭೌತಶಾಸ್ತ್ರದ ಪಾಠದಿಂದಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು.

ಪ್ರಯಾಣಿಕರ ವಿಮಾನ ಸಾಮಾನ್ಯವಾಗಿ ನೆಲಕ್ಕೆ 3 ಡಿಗ್ರಿ ಕೋನದಲ್ಲಿ ಇಳಿದುಬರುತ್ತದೆ. ಈ ಕೋನದಲ್ಲಿ 1 ಅಡಿ ಕೆಳಗಿಳಿಯಬೇಕಾದರೆ ಸುಮಾರು 19 ಅಡಿ ಮುಂದೆ ಹೋಗಬೇಕು. ರನ್‌ವೇಯ ಆರಂಭದ ಗೆರೆಯನ್ನು ದಾಟುವಾಗ ವಿಮಾನ ಸುಮಾರು 50 ಅಡಿ ಎತ್ತರದಲ್ಲಿರಬೇಕು. 50ನ್ನು 19ರಿಂದ ಗುಣಿಸಿ: 950. ಅಂದರೆ ರನ್‌ವೇಯ ಮೊದಲ ಸುಮಾರು 1,000 ಅಡಿಯ ಆಸುಪಾಸಿನಲ್ಲಿ ಚಕ್ರ ನೆಲಕ್ಕೆ ತಾಗುತ್ತದೆ. ಆ ದಿನ ವಿಮಾನ ಆ ಗೆರೆಯನ್ನು ದಾಟಿದ್ದು ಸುಮಾರು 200 ಅಡಿ ಎತ್ತರದಲ್ಲಿ. 200ನ್ನು 19ರಿಂದ ಗುಣಿಸಿದರೆ 3,800 ಅಡಿ. ನೋಡಿ, ಎತ್ತರದಲ್ಲಿ 150 ಅಡಿಯ ವ್ಯತ್ಯಾಸ ನೆಲದ ಮೇಲೆ 2,850 ಅಡಿಯನ್ನು ನುಂಗಿಬಿಟ್ಟಿತು.

ಇನ್ನು ವೇಗ. ಆ ಹಂತದಲ್ಲಿ ವಿಮಾನದ ವೇಗ 144 ನಾಟ್ ಇರಬೇಕಿತ್ತು, ಅಂದರೆ ಗಂಟೆಗೆ ಸುಮಾರು 267 ಕಿ.ಮೀ. ಇದ್ದದ್ದು 160 ನಾಟ್‌ಗೂ ಹೆಚ್ಚು, ಅಂದರೆ ಸುಮಾರು 296 ಕಿ.ಮೀ.ಗೂ ಹೆಚ್ಚು. ವ್ಯತ್ಯಾಸ ಶೇಕಡಾ 11 ತಾನೆ ಎಂದು ನಿಮಗೆ ಅನಿಸಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ನೀವು ಓದಿದ್ದೀರಿ. ವೇಗ ಶೇಕಡಾ 11 ಹೆಚ್ಚಿದರೆ ಶಕ್ತಿ ಶೇಕಡಾ 23ರಷ್ಟು ಹೆಚ್ಚುತ್ತದೆ. ಬ್ರೇಕುಗಳು ಅಷ್ಟನ್ನೂ ಹೀರಿಕೊಳ್ಳಬೇಕು. ಅಲ್ಲದೆ ವೇಗ ಹೆಚ್ಚಿರುವ ವಿಮಾನ ನೆಲಕ್ಕೆ ಹತ್ತಿರ ಬಂದರೂ ಬೇಗ ಕೂರುವುದಿಲ್ಲ, ತೇಲುತ್ತಾ ಮುಂದೆ ಹೋಗುತ್ತದೆ. 3,800 ಅಡಿ 5,200 ಆದದ್ದು ಹೇಗೆಂದು ಈಗ ಊಹಿಸಬಹುದು.

ಹಾಗಾದರೆ ವಿಮಾನ ಅಷ್ಟು ಎತ್ತರದಲ್ಲಿ ಇದ್ದದ್ದು ಏಕೆ? ನಿಲ್ದಾಣದ ರಾಡಾರ್ ಎರಡು ದಿನಗಳಿಂದ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಸಾಮಾನ್ಯಕ್ಕಿಂತ ತಡವಾಗಿ, ನಿಲ್ದಾಣಕ್ಕೆ ಹೆಚ್ಚು ಹತ್ತಿರ ಬಂದ ಮೇಲೆ. ಇದು ಒಂದು ತೊಡಕು, ನಿಜ. ಆದರೆ ಸರಿಪಡಿಸಿಕೊಳ್ಳಲಾಗದ ತೊಡಕಲ್ಲ. ಎತ್ತರ ಹೆಚ್ಚಾಗಿದೆ ಎಂದು ಕಂಡರೆ ಇಳಿಯುವುದನ್ನು ಕೈಬಿಟ್ಟು ಮೇಲಕ್ಕೆ ಏರಿ, ಒಂದು ಸುತ್ತು ಹಾಕಿ ಮತ್ತೆ ಬರಬಹುದು. ಇದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಇದು ಸೋಲಲ್ಲ, ಅವಮಾನವಲ್ಲ. ಪ್ರತಿಯೊಬ್ಬ ಪೈಲಟ್ ಕಲಿತಿರುವ ಸಾಮಾನ್ಯ ಕ್ರಮ. ಅದಕ್ಕೆ ತಗಲುವುದು ಕೆಲವು ನಿಮಿಷ ಮತ್ತು ಒಂದಿಷ್ಟು ಇಂಧನ.

ಕಿತ್ತಳೆ ಬಣ್ಣದ ‘ಕಪ್ಪು ಪೆಟ್ಟಿಗೆ’

ಇಬ್ಬರು ಪೈಲಟ್‌ಗಳೂ ಸತ್ತುಹೋಗಿದ್ದರು. ಹಾಗಿದ್ದರೂ ಇದೆಲ್ಲ ನಮಗೆ ತಿಳಿದದ್ದು ಹೇಗೆ? ಪ್ರತಿ ದೊಡ್ಡ ವಿಮಾನದಲ್ಲೂ ಎರಡು ಗಟ್ಟಿ ಪೆಟ್ಟಿಗೆಗಳಿರುತ್ತವೆ. ಒಂದು ಪೈಲಟ್‌ಗಳ ಕೋಣೆಯ ಮಾತು ಮತ್ತು ಸದ್ದನ್ನು ದಾಖಲಿಸುತ್ತದೆ. ಇನ್ನೊಂದು ಎತ್ತರ, ವೇಗ, ದಿಕ್ಕು, ಎಂಜಿನ್‌ಗಳ ಸ್ಥಿತಿ ಮುಂತಾದವನ್ನು ದಾಖಲಿಸುತ್ತದೆ. ಜನ ಇವನ್ನು ‘ಕಪ್ಪು ಪೆಟ್ಟಿಗೆ’ ಎನ್ನುತ್ತಾರಾದರೂ ಅವುಗಳ ಬಣ್ಣ ಕಿತ್ತಳೆ. ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲಿ ಎಂದು ಆ ಬಣ್ಣ. ಬೆಂಕಿಯನ್ನೂ ಭಾರಿ ಪೆಟ್ಟನ್ನೂ ತಡೆದುಕೊಳ್ಳುವಂತೆ ಅವನ್ನು ಮಾಡಿರುತ್ತಾರೆ. ಅಪಘಾತದ ಕೆಲವೇ ದಿನಗಳಲ್ಲಿ ಎರಡೂ ಸಿಕ್ಕವು.

ಕೇಂದ್ರ ಸರ್ಕಾರ ವಾಯುಪಡೆಯ ನಿವೃತ್ತ ಉಪಮುಖ್ಯಸ್ಥ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದಲ್ಲಿ ತನಿಖಾ ನ್ಯಾಯಾಲಯವನ್ನು ನೇಮಿಸಿತು. ಅದರ ವರದಿ 2010ರಲ್ಲಿಯೇ ಸಿದ್ಧವಾಯಿತು. ಧ್ವನಿಮುದ್ರಣ ಸುಮಾರು 2 ಗಂಟೆ 5 ನಿಮಿಷದ್ದು. ಅದರ ಮೊದಲ ಸುಮಾರು 1 ಗಂಟೆ 40 ನಿಮಿಷ ಮುಖ್ಯ ಪೈಲಟ್ ನಿದ್ರೆಯಲ್ಲಿದ್ದರು. ಅವರು 10,000 ಗಂಟೆಗೂ ಹೆಚ್ಚು ಹಾರಾಟದ ಅನುಭವವಿದ್ದವರು. ಗಾಢ ನಿದ್ರೆಯಿಂದ ಎದ್ದ ಮನುಷ್ಯನಿಗೆ ಕೆಲಹೊತ್ತು ಮಂಕು ಕವಿದಿರುತ್ತದೆ, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ನಸುಕಿನ ಹೊತ್ತಿನಲ್ಲಂತೂ ದೇಹದ ಚುರುಕು ತೀರಾ ಕಡಿಮೆ. ಅಂಥ ಸ್ಥಿತಿ ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದು ವರದಿ ಹೇಳಿತು.

ಇನ್ನೊಂದು ಮಾತನ್ನೂ ವರದಿ ದಾಖಲಿಸಿತು. ನೆಲ ಮುಟ್ಟಿದ ಮೇಲೆ ಪೂರ್ಣ ಬ್ರೇಕ್ ಹಾಕಿದ್ದರೆ ವಿಮಾನವನ್ನು ರನ್‌ವೇಯ ಒಳಗೇ ನಿಲ್ಲಿಸಬಹುದಿತ್ತು. ಆದರೆ ಎಂಜಿನ್‌ಗಳ ಒತ್ತಡವನ್ನು ಹಿಮ್ಮುಖ ಮಾಡಿದ ಬಳಿಕ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. ಹಿಮ್ಮುಖ ಮಾಡಿದ ಮೇಲೆ ಏರಲು ಯತ್ನಿಸಬಾರದು, ನಿಲ್ಲಿಸಲೇಬೇಕು ಎಂಬುದು ನಿಯಮ.

ಇಲ್ಲಿ ಒಂದು ವಿವೇಕ ಬೇಕು. ಸತ್ತ ಒಬ್ಬರನ್ನು ತೋರಿಸಿ ‘ಇವರಿಂದಲೇ ಆಯಿತು’ ಎಂದು ಕೈತೊಳೆದುಕೊಳ್ಳುವುದು ತನಿಖೆಯ ಉದ್ದೇಶವಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಲ್ಲಿಯೇ ಇದನ್ನು ಬರೆದಿದೆ: ಅಪಘಾತದ ತನಿಖೆ ಇರುವುದು ಮುಂದಿನ ಅಪಘಾತವನ್ನು ತಡೆಯಲು, ತಪ್ಪು ಹೊರಿಸಲು ಅಲ್ಲ. ಆಯಾಸ, ರಾತ್ರಿಯ ಕೆಲಸ, ಕೆಟ್ಟ ರಾಡಾರ್, ಕಣಿವೆಯ ಅಂಚು ಇವೆಲ್ಲವೂ ಒಂದು ಸರಪಳಿಯ ಕೊಂಡಿಗಳು. ಯಾವುದಾದರೂ ಒಂದು ಕೊಂಡಿ ಕಳಚಿದ್ದರೆ 158 ಮಂದಿ ಮನೆಗೆ ತಲುಪುತ್ತಿದ್ದರು.

ಮೂರು ಬಾರಿ ಹೇಳಿದ ಮಾತು

ಆ ಸರಪಳಿಯ ಒಂದು ಕೊಂಡಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ವಿಮಾನ ತೀರಾ ಎತ್ತರದಲ್ಲಿದೆ ಎಂಬುದು ಸಹಪೈಲಟ್‌ಗೆ ತಿಳಿದಿತ್ತು. ‘ಗೋ ಅರೌಂಡ್’ ಎಂದು ಅವರು ಮೂರು ಬಾರಿ ಹೇಳಿದರು. ವಿಮಾನದಲ್ಲಿನ ಯಂತ್ರವೂ ಎಚ್ಚರಿಕೆಯ ದನಿ ಎತ್ತಿತು. ಮುಖ್ಯ ಪೈಲಟ್ ಇಳಿಯುವುದನ್ನು ಮುಂದುವರಿಸಿದರು. ಸಹಪೈಲಟ್ ಹೇಳಿದರೇ ಹೊರತು ವಿಮಾನದ ಹಿಡಿತವನ್ನು ತಾವು ತೆಗೆದುಕೊಳ್ಳಲಿಲ್ಲ.

ಹೀಗಾದದ್ದು ಜಗತ್ತಿನಲ್ಲಿ ಇದೇ ಮೊದಲಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಮಂಜಿನಲ್ಲಿ ಢಿಕ್ಕಿ ಹೊಡೆದು 583 ಮಂದಿ ಸತ್ತರು. ಅಲ್ಲಿಯೂ ಮುಂದಿನ ವಿಮಾನ ರನ್‌ವೇಯಿಂದ ಪಕ್ಕಕ್ಕೆ ಸರಿದಿದೆಯೇ ಎಂದು ಕಿರಿಯ ಸಿಬ್ಬಂದಿಯೊಬ್ಬರು ಕೇಳಿದ್ದರು. ಹಿರಿಯ ಪೈಲಟ್ ಆ ಸಂದೇಹಕ್ಕೆ ಬೆಲೆ ಕೊಡಲಿಲ್ಲ. ಇಂಥ ಅಪಘಾತಗಳ ನಂತರ ವಿಮಾನ ಸಿಬ್ಬಂದಿಗೆ ಹೊಸ ತರಬೇತಿಯೊಂದು ಬಂತು. ಕಿರಿಯರು ಸ್ಪಷ್ಟವಾಗಿ ಹೇಳುವುದನ್ನು, ಹಿರಿಯರು ಕಿವಿಗೊಟ್ಟು ಕೇಳುವುದನ್ನು ಅದು ಕಲಿಸುತ್ತದೆ.

ನಮ್ಮ ಮನೆ, ಶಾಲೆಗಳಲ್ಲಿ ಹಿರಿಯರಿಗೆ ಎದುರು ಮಾತಾಡಬಾರದು ಎಂದು ಕಲಿಸುತ್ತಾರೆ. ಗೌರವ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪಾಯ ಕಂಡಾಗ ಅದನ್ನು ಹೇಳುವುದು ಎದುರು ಮಾತಲ್ಲ. ಚಾಲಕ ತೂಕಡಿಸುತ್ತಿರುವುದನ್ನು ಕಂಡು ‘ಅಣ್ಣಾ, ಸ್ವಲ್ಪ ನಿಲ್ಲಿಸಿ, ಮುಖ ತೊಳೆದುಕೊಳ್ಳಿ’ ಎನ್ನುವ ಹುಡುಗ ಇಡೀ ಬಸ್ಸನ್ನು ಕಾಪಾಡುತ್ತಾನೆ. ಪ್ರಯೋಗಶಾಲೆಯಲ್ಲಿ ಅನಿಲದ ವಾಸನೆ ಬಂದಾಗ ‘ಮೇಡಂ, ಏನೋ ವಾಸನೆ ಬರುತ್ತಿದೆ’ ಎನ್ನುವ ಹುಡುಗಿ ತನ್ನ ತರಗತಿಯನ್ನು ಕಾಪಾಡುತ್ತಾಳೆ. ಅದನ್ನು ಕೇಳಿಸಿಕೊಳ್ಳುವ ದೊಡ್ಡತನವನ್ನು ಹಿರಿಯರೂ ರೂಢಿಸಿಕೊಳ್ಳಬೇಕು. ನಾಳೆ ನೀವೇ ಹಿರಿಯರಾಗುವಿರಿ. ಆಗ ಈ ಮಾತು ನಿಮಗೂ ಅನ್ವಯಿಸುತ್ತದೆ.

ಹೆಸರು ಸಿಗದ ಹನ್ನೆರಡು ಮಂದಿ

ಈಗ ಕಥೆಯ ಅತ್ಯಂತ ನೋವಿನ ಭಾಗಕ್ಕೆ ಬರೋಣ. ಮೃತದೇಹಗಳನ್ನು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಗೂ ನಗರದ ಬೇರೆ ಆಸ್ಪತ್ರೆಗಳಿಗೂ ತಂದರು. ಬಹಳಷ್ಟು ದೇಹಗಳು ಗುರುತು ಹಿಡಿಯಲಾಗದಷ್ಟು ಸುಟ್ಟಿದ್ದವು. ಬಂಧುಗಳು ಉಂಗುರ, ಕೈಗಡಿಯಾರ, ಬಟ್ಟೆಯ ಚೂರು ನೋಡಿ ತಮ್ಮವರೆಂದು ಗುರುತಿಸಿದರು. ಕೊನೆಗೆ 22 ದೇಹಗಳ ಗುರುತು ಸಿಗದೆ ಉಳಿಯಿತು. ಅವುಗಳ ಅಂಶಗಳನ್ನು ಬಂಧುಗಳ ರಕ್ತದ ಮಾದರಿಯೊಡನೆ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರಕ್ಕೆ ಕಳುಹಿಸಿದರು.

ಈ ಪರೀಕ್ಷೆಯ ತತ್ವ ಸರಳ. ಪ್ರತಿಯೊಬ್ಬರ ಡಿಎನ್‌ಎಯ ಅರ್ಧ ತಾಯಿಯಿಂದ, ಇನ್ನರ್ಧ ತಂದೆಯಿಂದ ಬಂದಿರುತ್ತದೆ. ಹೀಗಾಗಿ ತಂದೆ, ತಾಯಿ ಅಥವಾ ಮಕ್ಕಳ ರಕ್ತದೊಡನೆ ಹೋಲಿಸಿದರೆ ಸಂಬಂಧ ತಿಳಿಯುತ್ತದೆ. 22ರಲ್ಲಿ 10 ದೇಹಗಳು ಹೊಂದಿಕೆಯಾದವು. ಉಳಿದ 12 ಯಾರ ರಕ್ತದೊಡನೆಯೂ ಹೊಂದಲಿಲ್ಲ. ಹಾಗಾದರೆ ಅವರು ಯಾರೂ ಇಲ್ಲದವರೇ? ಅಲ್ಲ. ಮೊದಲ ದಿನದ ದುಃಖ ಮತ್ತು ಅವಸರದಲ್ಲಿ ಕೆಲವು ದೇಹಗಳು ಬದಲಾಗಿ ಬೇರೆಯವರ ಮನೆ ಸೇರಿದ್ದವು. ಹಾಗೆ ಒಯ್ದವರನ್ನು ತಪ್ಪಿತಸ್ಥರೆನ್ನಲಾಗದು. ತಮ್ಮ ಮಗನನ್ನು ಬೇಗ ಮನೆಗೆ ಕರೆದೊಯ್ಯಬೇಕೆಂಬ ಆಸೆ ಯಾರಿಗಿರುವುದಿಲ್ಲ?

ಆ 12 ಮಂದಿಯನ್ನು ಕೆಲವೇ ದಿನಗಳ ನಂತರ ಕೂಳೂರು–ತಣ್ಣೀರುಬಾವಿಯ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಅವರು ಯಾವ ಧರ್ಮದವರೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳ ಪ್ರಾರ್ಥನೆ ನಡೆಯಿತು. ಅಲ್ಲಿ ಈಗ ಒಂದು ಸ್ಮಾರಕ ಉದ್ಯಾನ ಇದೆ. ಪ್ರತಿ ವರ್ಷ ಮೇ 22ರಂದು ಜಿಲ್ಲಾಡಳಿತದವರೂ ಮೃತರ ಬಂಧುಗಳೂ ಅಲ್ಲಿ ಹೂವು ಇಟ್ಟು ಮೌನವಾಗಿ ನಿಲ್ಲುತ್ತಾರೆ. ಒಳಗೆ ಮಲಗಿರುವವರಲ್ಲಿ ತಮ್ಮವರು ಇದ್ದಾರೋ ಇಲ್ಲವೋ ಎಂದು ತಿಳಿಯದೆಯೇ ಹೂವು ಇಡುವವರೂ ಅಲ್ಲಿರುತ್ತಾರೆ.

ಯಾವ ಮನೆಯೂ ‘ಇದು ನಮ್ಮವರ ಗುರುತು’ ಎಂದು ಹೇಳಲಾಗದ ಆ ಹನ್ನೆರಡು ಮಂದಿಗೆ ವರ್ಷದ ನೆನಪು ಮಾಡುವವರು ಯಾರು? ಊರೇ ಮಾಡಬೇಕು. ಸಾರ್ವಜನಿಕ ಸ್ಮರಣೆ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ.

ಕಲಿತದ್ದು, ಮರೆತದ್ದು

ದುರಂತದ ನಂತರ ಕೆಲವು ಒಳ್ಳೆಯ ಬದಲಾವಣೆಗಳಾದವು. ಅಪಘಾತಗಳ ತನಿಖೆಗೆ ಪ್ರತ್ಯೇಕ ಸಂಸ್ಥೆ ಬೇಕು ಎಂದು ತನಿಖಾ ವರದಿ ಸಲಹೆ ಮಾಡಿತ್ತು. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಸ್ಥಾಪನೆಯಾಯಿತು. ಅದಕ್ಕೆ ಮೊದಲು ವಿಮಾನಯಾನದ ನಿಯಮಗಳನ್ನು ನೋಡಿಕೊಳ್ಳುವ ಇಲಾಖೆಯೇ ತನಿಖೆಯನ್ನೂ ಮಾಡುವುದು ರೂಢಿಯಾಗಿತ್ತು. ಟೇಬಲ್ ಟಾಪ್ ರನ್‌ವೇಗಳ ತುದಿಯಲ್ಲಿ, ಮಿತಿ ಮೀರಿ ಬಂದ ವಿಮಾನದ ಚಕ್ರಗಳನ್ನು ಹಿಡಿದು ನಿಲ್ಲಿಸುವ ವಿಶೇಷ ಹಾಸು ಇರಬೇಕು ಎಂದೂ ವರದಿ ಹೇಳಿತು.

ಪರಿಹಾರದ ವಿಷಯ ಮಾತ್ರ ಬಹಳ ಕಾಲ ಎಳೆಯಿತು. ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ಸಾವು ಸಂಭವಿಸಿದರೆ ವಿಮಾನ ಸಂಸ್ಥೆಯ ಹೊಣೆ ಎಷ್ಟು ಎಂಬುದನ್ನು ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ, ದುರಂತಕ್ಕೆ ಒಂದು ವರ್ಷ ಮೊದಲು. ಹಾಗಿದ್ದರೂ ಹಲವು ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಮೃತರೊಬ್ಬರ ಕುಟುಂಬಕ್ಕೆ ಸುಮಾರು 7.64 ಕೋಟಿ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ನಿಗದಿ ಮಾಡಿದ್ದು 2020ರಲ್ಲಿ, ಹತ್ತು ವರ್ಷಗಳ ನಂತರ. ಆ ಹತ್ತು ವರ್ಷಗಳಲ್ಲಿ ಶಾಲೆಯ ಮಕ್ಕಳು ಕಾಲೇಜು ಮುಗಿಸಿರುತ್ತಾರೆ.

ಅದೇ 2020ರ ಆಗಸ್ಟ್ 7ರಂದು ಇನ್ನೊಂದು ಸುದ್ದಿ ಬಂತು. ಕೇರಳದ ಕೋಯಿಕ್ಕೋಡ್ ನಿಲ್ದಾಣವೂ ಟೇಬಲ್ ಟಾಪ್. ಅಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಒಂದು ಬೋಯಿಂಗ್ 737-800 ವಿಮಾನ, ದುಬೈಯಿಂದಲೇ ಬಂದದ್ದು, ಸುರಿಯುವ ಮಳೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕೆಳಗೆ ಬಿತ್ತು. ಅದರಲ್ಲಿದ್ದ 190 ಮಂದಿಯಲ್ಲಿ 21 ಮಂದಿ ಸತ್ತರು. 2021ರಲ್ಲಿ ಬಂದ ತನಿಖಾ ವರದಿ ಓದಿದರೆ ಮಂಗಳೂರಿನ ವರದಿಯನ್ನೇ ಮತ್ತೆ ಓದಿದಂತಾಗುತ್ತದೆ. ವಿಮಾನ ಸರಿಯಾದ ಸ್ಥಿತಿಯಲ್ಲಿ ಇರಲಿಲ್ಲ. ಆದರೂ ಇಳಿಯುವುದನ್ನು ಮುಂದುವರಿಸಿದರು. ರನ್‌ವೇಯ ಅರ್ಧ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು. ಸಹಪೈಲಟ್ ‘ಗೋ ಅರೌಂಡ್’ ಎಂದು ಹೇಳಿದ್ದರು. ಆದರೆ ಹಿಡಿತ ತೆಗೆದುಕೊಳ್ಳಲಿಲ್ಲ.

ಮಿತ್ರರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹತ್ತು ವರ್ಷಗಳ ಕಾಲ ಪ್ರತಿ ಮೇ 22ರಂದು ಹೂವು ಇಟ್ಟಿದ್ದೆವು. ಮೌನ ಆಚರಿಸಿದ್ದೆವು. ಭಾವನೆಯನ್ನು ನಾವು ಮರೆತಿರಲಿಲ್ಲ. ಆದರೆ ಕಾರಣವನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರಲಿಲ್ಲ. ವರದಿ ಕಪಾಟಿನಲ್ಲಿದ್ದರೆ ಸಾಲದು, ಪೈಲಟ್‌ನ ಕೈಗೂ ಮಾತಿಗೂ ಅದು ಇಳಿದಿರಬೇಕು.

ಹೇಗೆ ನೆನೆಯಬೇಕು?

ಆರಂಭದ ಪ್ರಶ್ನೆಗೆ ಈಗ ಹಿಂದಿರುಗೋಣ. ದುರಂತದ ವಾರ್ಷಿಕ ದಿನವನ್ನು ಆಚರಿಸುವಾಗ ಮೂರು ಸಂಗತಿಗಳನ್ನು ನೆನಪಿಡಬೇಕು.

ಮೊದಲನೆಯದು, ಸತ್ತವರನ್ನು ಅಂಕಿಯಾಗಿ ನೋಡಬಾರದು. 158 ಎಂಬುದು ಒಂದು ಸಂಖ್ಯೆಯಲ್ಲ. ಒಬ್ಬ ತಾಯಿ, ಒಬ್ಬ ಮಗ, ರಜೆಗೆ ಬರುತ್ತಿದ್ದ ಒಂದು ಮಗು, ಹೀಗೆ 158 ಬಾರಿ ಎಣಿಸಬೇಕು. ನಿಮ್ಮ ಊರಿನಲ್ಲಿ ಅಂಥ ಮನೆ ಇದ್ದರೆ ಕುತೂಹಲದಿಂದ ಪ್ರಶ್ನೆ ಕೇಳಬೇಡಿ. ಅವರು ಹೇಳಿದರೆ ಕುಳಿತು ಕೇಳಿ.

ಎರಡನೆಯದು, ಕಾರಣವನ್ನು ಸರಿಯಾಗಿ ತಿಳಿಯಬೇಕು. ದುರಂತ ನಡೆದ ಕೂಡಲೇ ಊಹೆಗಳು ಹರಡುತ್ತವೆ. ಈಗಂತೂ ಕೈಯಲ್ಲಿನ ಫೋನಿನಿಂದ ಕ್ಷಣಮಾತ್ರದಲ್ಲಿ ಹರಡುತ್ತವೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತಾಗ ನೀವೇ ಇದನ್ನು ನೋಡಿದ್ದೀರಿ. ಊಹೆಯನ್ನು ಮುಂದಕ್ಕೆ ದಾಟಿಸುವವರು ನೊಂದವರ ಗಾಯಕ್ಕೆ ಉಪ್ಪು ಹಚ್ಚುತ್ತಾರೆ. ತನಿಖೆಗೆ ಕಾಯುವುದೂ ಗೌರವದ ಒಂದು ರೀತಿ.

ಮೂರನೆಯದು, ತಿಳಿದ ಪಾಠವನ್ನು ನಮ್ಮ ದಿನದ ಬದುಕಿಗೆ ತರಬೇಕು. ನಾವೆಲ್ಲ ಪೈಲಟ್‌ಗಳಾಗುವುದಿಲ್ಲ. ಆದರೆ ನಾವೆಲ್ಲ ಆಯಾಸದಲ್ಲಿ ವಾಹನ ಓಡಿಸುತ್ತೇವೆ, ಅವಸರದಲ್ಲಿ ತೀರ್ಮಾನ ಮಾಡುತ್ತೇವೆ, ತಪ್ಪು ಕಂಡರೂ ಸಂಕೋಚದಿಂದ ಸುಮ್ಮನಿರುತ್ತೇವೆ. ತಪ್ಪಿದ ದಾರಿಯಲ್ಲಿ ಹಟದಿಂದ ಮುಂದುವರಿಯುವುದಕ್ಕಿಂತ ಒಂದು ಸುತ್ತು ಹಾಕಿ ಮತ್ತೆ ಬರುವುದು ಲೇಸು.

ಮುಂದಿನ ಮೇ 22ರಂದು ಸಾಧ್ಯವಾದರೆ ಕೂಳೂರಿನ ಆ ಉದ್ಯಾನಕ್ಕೆ ಹೋಗಿ ಬನ್ನಿ. ದೂರದವರಾದರೆ ನೀವಿರುವಲ್ಲಿಯೇ ಒಂದು ನಿಮಿಷ ನಿಲ್ಲಿ. ಆಮೇಲೆ ನಿಮಗಿಂತ ಚಿಕ್ಕವರೊಬ್ಬರನ್ನು ಕೂರಿಸಿಕೊಂಡು, ಅಂದು ಏನಾಯಿತು ಮತ್ತು ಏಕೆ ಆಯಿತು ಎಂಬುದನ್ನು ತಿಳಿಸಿ ಹೇಳಿ. ಹೆಸರು ಸಿಗದೆ ಆ ನದಿಯ ದಂಡೆಯಲ್ಲಿ ಮಲಗಿರುವ ಹನ್ನೆರಡು ಮಂದಿಗೆ ನಾವು ಮಾಡಬಹುದಾದ ವರ್ಷದ ಸೇವೆ ಇದು.

ತರಗತಿಯಲ್ಲಿ ಚರ್ಚಿಸಿ

1. ರನ್‌ವೇಯ ಆರಂಭದ ಗೆರೆಯನ್ನು ವಿಮಾನ 100 ಅಡಿ ಎತ್ತರದಲ್ಲಿ ದಾಟಿದರೆ, 3 ಡಿಗ್ರಿ ಕೋನದಲ್ಲಿ ಅದು ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ? ಲೆಕ್ಕ ಹಾಕಿ.

2. ಹಿರಿಯರು ತಪ್ಪು ಮಾಡುತ್ತಿದ್ದಾರೆ ಎಂದು ಕಂಡಾಗ ಗೌರವ ಬಿಡದೆ ಅದನ್ನು ಹೇಗೆ ಹೇಳಬಹುದು? ಒಮ್ಮೆ ಹೇಳಿದರೂ ಕೇಳದಿದ್ದರೆ ಮುಂದೇನು?

3. ಕಾರಣ ಹುಡುಕುವುದಕ್ಕೂ ತಪ್ಪು ಹೊರಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಅನುಭವದ ಒಂದು ಉದಾಹರಣೆಯಿಂದ ವಿವರಿಸಿ.

4. ನಿಮ್ಮ ಊರಿನಲ್ಲಿ ಅಥವಾ ಹತ್ತಿರದಲ್ಲಿ ಹಿಂದೆ ನಡೆದ ನೆರೆ, ಬೆಂಕಿ, ದೋಣಿ ಅಪಘಾತದಂಥ ದುರಂತ ಯಾವುದು? ಅದರಿಂದ ಊರು ಕಲಿತದ್ದೇನು ಎಂದು ಹಿರಿಯರನ್ನು ಕೇಳಿ ಬರೆಯಿರಿ.